ಜೋಡಿ ಒಡೆದರೆ ಪಾಯಿಂಟ್ ಯಾರಿಗೆ? ನಮ್ಮ ರೌಂಡ್‌ನೆಟ್ ಸೀಸನ್‌ಗೆ ಒಂದು ರ‍್ಯಾಂಕಿಂಗ್ ಬೇಕು

ಲೆಕ್ಕದ ಅಕ್ಕ, ಹಾಸನ

ಎಲ್ಲರಿಗೂ ನಮಸ್ಕಾರ. ಶಟಲ್, ಟೆನಿಸ್, ಚೆಸ್ ಬಲ್ಲವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಾಸನದಲ್ಲಿ ನಾವು ಒಂದಷ್ಟು ಜನ ರೌಂಡ್‌ನೆಟ್ ಆಡುತ್ತೇವೆ. ಸ್ಪೈಕ್‌ಬಾಲ್ ಅಂತ ರೀಲ್ಸ್‌ನಲ್ಲಿ ನೋಡಿರುತ್ತೀರಿ, ಅದೇ ಆಟ. ನೆಲದ ಮೇಲೆ ಮೂರಡಿ ಅಗಲದ ದುಂಡು ಬಲೆ, ಇಬ್ಬರ ಮೇಲೆ ಇಬ್ಬರು. ಮೂರು ಟಚ್ ಒಳಗೆ ಚೆಂಡನ್ನು ಬಲೆಗೆ ಹೊಡೆದು ಚಿಮ್ಮಿಸಬೇಕು. ಸರ್ವ್ ಆದ ಮೇಲೆ ನಮ್ಮ ಕಡೆ, ನಿಮ್ಮ ಕಡೆ ಅನ್ನುವುದೇ ಇಲ್ಲ. ಬಲೆಯ ಸುತ್ತ ಎಲ್ಲಿ ಬೇಕಾದರೂ ಓಡಬಹುದು. ಮೊದಲು ನಾಲ್ಕು ಹುಡುಗರು ಸಂಜೆ ಹೊತ್ತು ಆಡುತ್ತಿದ್ದರು. ಈಗ ಹಾಸನ, ಬೇಲೂರು, ಅರಸೀಕೆರೆ, ಸಕಲೇಶಪುರ ಸೇರಿ ಹದಿನಾಲ್ಕು ಜೋಡಿ ಆಗಿವೆ. ಚಿಕ್ಕಮಗಳೂರಿನಿಂದಲೂ ಆಗಾಗ ಬರುತ್ತಾರೆ.

ನನ್ನದು ಜೆರಾಕ್ಸ್ ಅಂಗಡಿ. ಆಡುವುದು ಅಷ್ಟಕ್ಕಷ್ಟೇ. ಆದರೆ ಅಂಗಡಿಯಲ್ಲಿ ಕಂಪ್ಯೂಟರ್ ಇದೆ, ಎಕ್ಸೆಲ್ ಬರುತ್ತದೆ ಅಂತ ಸ್ಕೋರ್ ಲೆಕ್ಕ ನನ್ನ ತಲೆಗೆ ಕಟ್ಟಿದ್ದಾರೆ. ಸೀಸನ್ ಅಕ್ಟೋಬರ್‌ನಿಂದ ಮಾರ್ಚ್. ತಿಂಗಳಿಗೊಂದು ಭಾನುವಾರ ಟೂರ್ನಿ, ಒಟ್ಟು ಆರು. ಬೆಳಗ್ಗೆ ಪೂಲ್, ಮಧ್ಯಾಹ್ನ ನಾಕೌಟ್. ಏಪ್ರಿಲ್‌ನಲ್ಲಿ ಪರೀಕ್ಷೆ ಎಲ್ಲ ಮುಗಿದ ಮೇಲೆ ಫೈನಲ್ಸ್. ಅದಕ್ಕೆ ಆರು ಜೋಡಿಗೆ ಮಾತ್ರ ಜಾಗ.

ಆ ಆರು ಜನ ಯಾರು ಅನ್ನುವಲ್ಲೇ ಜಗಳ. ಇಲ್ಲಿತನಕ ಎಲ್ಲ ಟೂರ್ನಿಯ ಪಾಯಿಂಟ್ ಕೂಡಿಸಿ ಮೇಲಿನವರನ್ನು ತೆಗೆದುಕೊಳ್ಳುತ್ತಿದ್ದೆವು. ಟೌನಿನವರಿಗೆ ಇದು ಸುಲಭ. ಬೈಕ್ ಹತ್ತಿದರೆ ಹತ್ತು ನಿಮಿಷಕ್ಕೆ ಮೈದಾನ, ಆರಕ್ಕೆ ಆರೂ ಆಡುತ್ತಾರೆ. ಸಕಲೇಶಪುರದ ಹುಡುಗರು ಕಾಫಿ ಕೊಯ್ಲು ಶುರುವಾದರೆ ಭಾನುವಾರವೂ ತೋಟ ಬಿಡುವಂತಿಲ್ಲ. ಬಂದಾಗ ಮಾತ್ರ ಎಲ್ಲರನ್ನೂ ಚಚ್ಚಿ ಹಾಕಿ ಹೋಗುತ್ತಾರೆ! ಆದರೆ ಪಟ್ಟಿಯಲ್ಲಿ ಒಂಬತ್ತನೆಯವರು.

ಇನ್ನೊಂದು ತಲೆನೋವು ಇದೆ. ಬೇಲೂರಿನ ಒಬ್ಬ ಹುಡುಗಿ ಅರ್ಧ ಸೀಸನ್ ಒಬ್ಬಳ ಜೊತೆ ಚೆನ್ನಾಗಿ ಆಡಿದಳು. ಜೊತೆಗಾತಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದಳು. ಈಗ ಇವಳು ಇನ್ನೊಬ್ಬಳನ್ನು ಕಟ್ಟಿಕೊಂಡು ಆಡುತ್ತಾಳಂತೆ. ಹಳೇ ಪಾಯಿಂಟ್ ಇವಳ ಜೊತೆ ಬರಬೇಕಾ? ಪೂರ್ತಿಯಾ, ಅರ್ಧವಾ? ಅಥವಾ ಹೊಸ ಜೋಡಿ ಅಂತ ಸೊನ್ನೆಯಿಂದ ಶುರು ಮಾಡಬೇಕಾ?

ದೊಡ್ಡ ಆಟಗಳಲ್ಲಿ ಇದನ್ನೆಲ್ಲ ಹೇಗೆ ಮಾಡುತ್ತಾರೆ? ನನಗೆ ಎಕ್ಸೆಲ್‌ನಲ್ಲಿ ಕೂರಬೇಕು, ಮತ್ತೆ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಸಾಲಲ್ಲಿ ಹೇಳುವಂತಿರಬೇಕು.

ಬೆಂಚ್ ಪ್ಲೇಯರ್, ಅರಸೀಕೆರೆ

ಅಕ್ಕ, ಹದಿನಾಲ್ಕು ಜೋಡಿಗೆ ರ‍್ಯಾಂಕಿಂಗ್ ಯಾಕೆ? ಏಪ್ರಿಲ್‌ನಲ್ಲಿ ಎಲ್ಲರನ್ನೂ ಕರೆದು ಒಂದೇ ದೊಡ್ಡ ಟೂರ್ನಿ ಆಡಿಸಿ. ಗೆದ್ದವನೇ ಚಾಂಪಿಯನ್. ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ.

ಲೆಕ್ಕದ ಅಕ್ಕ, ಹಾಸನ

ಹಾಗೆ ಮಾಡಿದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಲ್ಲಿ ಯಾರು ಬರುತ್ತಾರೆ ಹೇಳಪ್ಪ. ಆರು ಟೂರ್ನಿಗೂ ಒಂದು ಅರ್ಥ ಇರಬೇಕು.

ಲೈನ್ ಅಂಪೈರ್, ಚಿಕ್ಕಮಗಳೂರು

ಶಟಲ್ ಟೂರ್ನಿಗಳಲ್ಲಿ ಗೆರೆ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಕೂದಲು ಬೆಳ್ಳಗಾದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಒಂದು ವಿಷಯ. ನೀವು ಎರಡು ಪ್ರಶ್ನೆಗೆ ಒಂದೇ ಪಟ್ಟಿ ಇಟ್ಟುಕೊಂಡಿದ್ದೀರಿ. ಈಗ ಯಾರು ಗಟ್ಟಿ ಅನ್ನುವುದು ಒಂದು ಪ್ರಶ್ನೆ. ಅದು ಡ್ರಾ ಹಾಕಲು, ಸೀಡಿಂಗ್ ಕೊಡಲು, ಅಂದರೆ ಗಟ್ಟಿ ಜೋಡಿಗಳು ಮೊದಲ ಸುತ್ತಲ್ಲೇ ಎದುರಾಗದಂತೆ ಜಾಗ ಹಂಚಲು ಬೇಕು. ಈ ಸೀಸನ್‌ನಲ್ಲಿ ಫೈನಲ್ಸ್ ಜಾಗವನ್ನು ಯಾರು ಸಂಪಾದಿಸಿದ್ದಾರೆ ಅನ್ನುವುದು ಬೇರೆ ಪ್ರಶ್ನೆ. ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಪಟ್ಟಿಗಳಿವೆ. ವಿಶ್ವ ರ‍್ಯಾಂಕಿಂಗ್ ಅಂದರೆ ಕಳೆದ 52 ವಾರಗಳ ಲೆಕ್ಕ. ಎಷ್ಟೇ ಟೂರ್ನಿ ಆಡಿದರೂ ಅದರಲ್ಲಿ ಅತಿ ಹೆಚ್ಚು ಪಾಯಿಂಟ್ ಬಂದ ಹತ್ತು ಮಾತ್ರ ಎಣಿಕೆಗೆ. ಹೋದ ವರ್ಷ ಇದೇ ವಾರ ಗೆದ್ದದ್ದು ಈ ವಾರ ಉದುರಿ ಹೋಗುತ್ತದೆ. ವರ್ಷದ ಕೊನೆಯ ವರ್ಲ್ಡ್ ಟೂರ್ ಫೈನಲ್ಸ್‌ಗೆ ಆ ಪಟ್ಟಿ ನೋಡುವುದಿಲ್ಲ. ಅದಕ್ಕೆ ಜನವರಿಯಲ್ಲಿ ಸೊನ್ನೆಯಿಂದ ಶುರುವಾಗುವ ಇನ್ನೊಂದು ಪಟ್ಟಿ. ವರ್ಲ್ಡ್ ಟೂರ್ ಟೂರ್ನಿಗಳ ಪಾಯಿಂಟ್ ಮಾತ್ರ ಅದರಲ್ಲಿ ಸೇರುತ್ತದೆ. ಮೇಲಿನ ಎಂಟು ಜನ ಅಥವಾ ಎಂಟು ಜೋಡಿ ಹೋಗುತ್ತಾರೆ, ಒಂದು ದೇಶದಿಂದ ಎರಡಕ್ಕಿಂತ ಜಾಸ್ತಿ ಇಲ್ಲ.

ಇದರಿಂದ ಏನಾಗುತ್ತದೆ ಅಂತ ನಮ್ಮವರಿಗೆ 2023ರಲ್ಲಿ ಚೆನ್ನಾಗಿ ಗೊತ್ತಾಯಿತು. ಸಾತ್ವಿಕ್ ಮತ್ತು ಚಿರಾಗ್ ಆ ವರ್ಷ ಏಷ್ಯನ್ ಚಾಂಪಿಯನ್‌ಶಿಪ್ ಗೆದ್ದರು, ಇಂಡೋನೇಷ್ಯಾ ಓಪನ್ ಗೆದ್ದರು, ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು. ಅಕ್ಟೋಬರ್‌ನಲ್ಲಿ ವಿಶ್ವದ ನಂಬರ್ ಒನ್ ಜೋಡಿ ಆದರು. ಡಿಸೆಂಬರ್‌ನ ಫೈನಲ್ಸ್‌ಗೆ ಮಾತ್ರ ಜಾಗ ಸಿಗಲಿಲ್ಲ. ಏಷ್ಯಾದ ಆ ಎರಡು ಚಿನ್ನ ಆ ಪಟ್ಟಿಯಲ್ಲಿ ಬರುವುದೇ ಇಲ್ಲವಲ್ಲ. ನಾನೂ ಬೈದುಕೊಂಡೆ. ಆದರೆ ನಿಯಮ ಜನವರಿಯಲ್ಲೇ ಎಲ್ಲರ ಕಣ್ಣೆದುರು ಇತ್ತು. ಹಾಗಾಗಿ ಯಾರ ಮೇಲೂ ಬೆರಳು ತೋರಿಸುವಂತಿರಲಿಲ್ಲ. ನೀವೂ ಅಷ್ಟೇ, ಯಾವ ನಿಯಮ ಮಾಡಿದರೂ ಅಕ್ಟೋಬರ್‌ಗೆ ಮೊದಲೇ ಗ್ರೂಪಿಗೆ ಹಾಕಿ, ನಡುವೆ ಬದಲಾಯಿಸಬೇಡಿ.

ಇನ್ನು ಸಕಲೇಶಪುರದ ಸಮಸ್ಯೆ. ಅದು ಹಾಜರಿಗಿಂತ ಜಾಸ್ತಿ ನಿಮ್ಮ ಪಾಯಿಂಟ್ ಪಟ್ಟಿಯದು ಅಂತ ನನ್ನ ಅನುಮಾನ. ಗೆದ್ದವರಿಗೆ ಎಷ್ಟು, ಕ್ವಾರ್ಟರ್‌ನಲ್ಲಿ ಸೋತವರಿಗೆ ಎಷ್ಟು ಕೊಡುತ್ತೀರಿ? ಬ್ಯಾಡ್ಮಿಂಟನ್‌ನ ಸೂಪರ್ 1000 ಟೂರ್ನಿಯಲ್ಲಿ ಗೆದ್ದವರಿಗೆ 12000, ಫೈನಲ್‌ನಲ್ಲಿ ಸೋತವರಿಗೆ 10200, ಸೆಮಿಯಲ್ಲಿ ಸೋತವರಿಗೆ 8400, ಕ್ವಾರ್ಟರ್‌ನಲ್ಲಿ ಸೋತವರಿಗೆ 6600. ಅಂದರೆ ಕ್ವಾರ್ಟರ್ ತಲುಪಿದರೆ ಗೆದ್ದವನ ಅರ್ಧಕ್ಕಿಂತ ಜಾಸ್ತಿ. ಟೆನಿಸ್ ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಗೆದ್ದವನಿಗೆ 2000, ಫೈನಲ್ ಸೋತರೆ 1300, ಸೆಮಿ 800, ಕ್ವಾರ್ಟರ್ 400. ಐದನೇ ಒಂದು ಭಾಗ ಅಷ್ಟೇ.

ಈಗ ನಿಮ್ಮ ಸೀಸನ್‌ಗೆ ಹಾಕಿ ನೋಡಿ. ಟೌನಿನ ಒಂದು ಜೋಡಿ ಆರೂ ಟೂರ್ನಿಯಲ್ಲಿ ಕ್ವಾರ್ಟರ್‌ನಲ್ಲೇ ಸೋತಿತು ಅನ್ನಿ. ಬ್ಯಾಡ್ಮಿಂಟನ್ ಪಟ್ಟಿಯಂತೆ 39600. ತೋಟದ ಹುಡುಗರು ಮೂರು ಆಡಿ ಮೂರೂ ಗೆದ್ದರು, 36000. ಒಂದೂ ಸೆಮಿ ನೋಡದವರು ಮೂರು ಕಪ್ ಗೆದ್ದವರಿಗಿಂತ ಮೇಲೆ! ಟೆನಿಸ್ ಪಟ್ಟಿ ಹಾಕಿದರೆ 2400 ಮತ್ತು 6000, ಜಗಳವೇ ಇಲ್ಲ. ನಿಮ್ಮಲ್ಲಿ ಇರುವುದೇ ಹದಿನಾಲ್ಕು ಜೋಡಿ. ಅಲ್ಲಿ ಕ್ವಾರ್ಟರ್ ಅಂದರೆ ಹೆಚ್ಚೂಕಡಿಮೆ ಮೈದಾನಕ್ಕೆ ಬಂದಿದ್ದಕ್ಕೆ ಕೊಟ್ಟ ಬಹುಮಾನ. ಕಡಿದಾದ ಪಟ್ಟಿ ಹಾಕಿ, ಆರರಲ್ಲಿ ನಾಲ್ಕು ಒಳ್ಳೆಯ ಫಲಿತಾಂಶ ಮಾತ್ರ ಎಣಿಸಿ.

ಬೇಲೂರಿನ ಹುಡುಗಿ ವಿಷಯದಲ್ಲಿ ನಾನು ಕಟುಕ. ಶಟಲ್‌ನಲ್ಲಿ ಪಾಯಿಂಟ್ ಜೋಡಿಯದ್ದು. ಜೋಡಿ ಹೋದರೆ ಪಾಯಿಂಟೂ ಹೋಯಿತು. ನಮ್ಮ ಅಶ್ವಿನಿ ಪೊನ್ನಪ್ಪ ಅಷ್ಟು ವರ್ಷ ಆಡಿ ಹೆಸರು ಮಾಡಿದವರು. ತನಿಷಾ ಕ್ರಾಸ್ಟೊ ಜೊತೆ ಸೇರಿದಾಗ ಅವರೂ ಕೆಳಗಿನಿಂದಲೇ ಹತ್ತಬೇಕಾಯಿತು. ಪ್ಯಾರಿಸ್ ಒಲಿಂಪಿಕ್ಸ್‌ಗೆ 2023ರ ಮೇ 1ರಿಂದ 2024ರ ಏಪ್ರಿಲ್ 28ರವರೆಗೆ ಗಳಿಸಿದ್ದೇ ಲೆಕ್ಕ. ಅಷ್ಟರಲ್ಲಿ ಜಾಗ ಸಂಪಾದಿಸಿ ಹೋದರು.

ತೋಟದ ರೈಟರ್, ಸಕಲೇಶಪುರ

ಅಕ್ಕ, ಆ ಒಂಬತ್ತನೆಯ ಜೋಡಿಯಲ್ಲಿ ಒಬ್ಬ ನಾನೇ. ಚಚ್ಚಿ ಹಾಕುತ್ತೇವೆ ಅಂತ ಬರೆದಿದ್ದಕ್ಕೆ ಥ್ಯಾಂಕ್ಸ್!

ಅಂಪೈರ್ ಸಾರ್, ನಾಲ್ಕು ಅಂದರೆ ನಮಗೆ ಆಗುವುದಿಲ್ಲ. ಅರೇಬಿಕಾ ನವೆಂಬರ್ ಕೊನೆಗೆ ಬಿರುಸಾಗುತ್ತದೆ, ಡಿಸೆಂಬರ್ ಪೂರ್ತಿ ಅದೇ. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ, ಜನವರಿ, ಫೆಬ್ರವರಿ ಅದಕ್ಕೆ ಹೋಯಿತು. ಹಣ್ಣು ಬಿಡಿಸಿದವರ ಅಳತೆ ಬರೆಯುವುದು, ಕಣದಲ್ಲಿ ಒಣಗುವುದನ್ನು ಕಾಯುವುದು, ನಡುವೆ ಮೋಡ ಕವಿದರೆ ಟಾರ್ಪಾಲಿಗೆ ಓಡುವುದು. ನಮ್ಮ ಸಾಹುಕಾರರಿಗೆ ರೌಂಡ್‌ನೆಟ್ ಟೂರ್ನಿ ಇದೆ, ರಜೆ ಕೊಡಿ ಅಂತ ಕೇಳಿ ನೋಡಿ, ಆಮೇಲೆ ನನಗೆ ಹೇಳಿ. ಅಕ್ಟೋಬರ್, ನವೆಂಬರ್ ಮೊದಲ ವಾರ, ಮಾರ್ಚ್. ಮೂರು ಗ್ಯಾರಂಟಿ. ನಾಲ್ಕನೆಯದು ದೇವರಿಚ್ಛೆ.

ಜೋಡಿ ವಿಷಯದಲ್ಲಿ ಶಟಲ್ ಒಂದೇ ದಾರಿ ಅಲ್ಲ. ಟೆನಿಸ್ ನೋಡಿ. ಅಲ್ಲಿ ಡಬಲ್ಸ್ ರ‍್ಯಾಂಕಿಂಗ್ ಆಳಿನ ಮೇಲೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, 43ನೇ ವಯಸ್ಸಿನಲ್ಲಿ ನಂಬರ್ ಒನ್ ಆದರು. ಅದೇ ಕಪ್ಪು ಎತ್ತಿದ ಎಬ್ಡನ್ ಅದೇ ವಾರ ನಂಬರ್ ಒನ್ ಆಗಲಿಲ್ಲ, ಫೆಬ್ರವರಿ ಕೊನೆಗೆ ಆದರು. ಒಟ್ಟಿಗೆ ಆಡಿದರೂ ಇಬ್ಬರ ಖಾತೆ ಬೇರೆ. ಇದು ರೌಂಡ್‌ನೆಟ್‌ಗೆ ಸರಿಹೊಂದುತ್ತದೆ. ನಮ್ಮಲ್ಲಿ ಜೋಡಿ ಅಂದರೆ ಆ ಭಾನುವಾರ ಯಾರಿಗೆ ಬಿಡುವಿದೆಯೋ ಅವರು, ಅಲ್ವಾ?

ಲೈನ್ ಅಂಪೈರ್, ಚಿಕ್ಕಮಗಳೂರು

ಮಾರಾಯ, ಅರ್ಧ ಹೇಳಿ ನಿಲ್ಲಿಸಬೇಡ. ಟೆನಿಸ್‌ನಲ್ಲೂ ವರ್ಷದ ಕೊನೆಯ ಎಟಿಪಿ ಫೈನಲ್ಸ್‌ಗೆ ಡಬಲ್ಸ್ ಜಾಗ ಕೊಡುವುದು ಜೋಡಿಯಾಗಿ ಗಳಿಸಿದ ಪಾಯಿಂಟ್ ನೋಡಿಯೇ. ಬೋಪಣ್ಣ, ಎಬ್ಡನ್ 2023ರಲ್ಲಿ ಟ್ಯೂರಿನ್‌ಗೆ ಹೋಗಿದ್ದು ಜೋಡಿ ಲೆಕ್ಕದಲ್ಲಿ. ಮಾಮೂಲಿ ಟೂರ್ನಿಗೆ ಸೇರಲು, ಸೀಡಿಂಗ್ ಪಡೆಯಲು ಆಳಿನ ಲೆಕ್ಕ. ಫೈನಲ್ಸ್‌ಗೆ ಜೋಡಿ ಲೆಕ್ಕ. ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಮಾರ್ಚ್‌ನಲ್ಲಿ ಪಟ್ಟಿಯ ಮೇಲಿನ ಇಬ್ಬರು ತಮ್ಮ ಜೊತೆಗಾರರನ್ನು ಬಿಟ್ಟು ಒಂದಾಗುತ್ತಾರೆ. ಅವರ ಹಿಂದೆ ಸೀಸನ್ ಪೂರ್ತಿ ಓಡಿದ ಹುಡುಗರು ಮನೆಯಲ್ಲಿ.

ಮೂರು ಅನ್ನುವುದನ್ನು ಒಪ್ಪಿದೆ. ಕಾಫಿ ಮುಂದೆ ನನ್ನದೇನು ನಡೆಯುತ್ತದೆ, ನನ್ನ ಹೆಂಡತಿಯ ತವರು ಮೂಡಿಗೆರೆ.

ಕುದುರೆ ನಡೆ, ಹೊಳೆನರಸೀಪುರ

ಚೆಸ್‌ನ ಕಡೆಯಿಂದ ಒಂದು ಮಾತು. ಸೀಡಿಂಗ್‌ಗೆ ಪಾಯಿಂಟ್ ಬದಲು ರೇಟಿಂಗ್ ಇಡಬಹುದು. 1970ರಿಂದ ಫಿಡೆ, ಅಂದರೆ ವಿಶ್ವ ಚೆಸ್ ಸಂಸ್ಥೆ, ಬಳಸುತ್ತಿರುವ ಎಲೋ ಪದ್ಧತಿ. ಇಬ್ಬರ ನಡುವೆ 200 ಅಂತರ ಇದ್ದರೆ ಮೇಲಿನವನಿಂದ ನೂರಕ್ಕೆ 76 ಅಂಕ ನಿರೀಕ್ಷೆ. 400 ಇದ್ದರೆ 91ರ ಹತ್ತಿರ. ನಿರೀಕ್ಷೆಗಿಂತ ಜಾಸ್ತಿ ಗಳಿಸಿದರೆ ರೇಟಿಂಗ್ ಏರುತ್ತದೆ. ನಿಮ್ಮಲ್ಲಿ ಜೋಡಿಯ ರೇಟಿಂಗ್ ಅಂದರೆ ಇಬ್ಬರ ಸರಾಸರಿ ಅಂತ ಇಟ್ಟುಕೊಳ್ಳಿ. 1500ರ ಜೋಡಿ 1700ರ ಜೋಡಿಯನ್ನು ಸೋಲಿಸಿದರೆ, ಗುಣಕ (ಒಂದು ಮ್ಯಾಚ್‌ಗೆ ರೇಟಿಂಗ್ ಹೆಚ್ಚೆಂದರೆ ಎಷ್ಟು ಬದಲಾಗಬಹುದು ಅನ್ನುವ ಸಂಖ್ಯೆ) 20 ಇಟ್ಟರೆ, ಗೆದ್ದ ಇಬ್ಬರಿಗೂ 15 ಸೇರಿಸಿ. ಸೋತರೆ 5 ಕಳೆಯಿರಿ. ಹೊಸಬರಿಗೆ ಗುಣಕ 40 ಇಡಿ, ಬೇಗ ತಮ್ಮ ಜಾಗಕ್ಕೆ ಬರುತ್ತಾರೆ. ಫಿಡೆಯಲ್ಲೂ ಹೊಸಬರಿಗೆ 40ನೇ. ಎಕ್ಸೆಲ್‌ನಲ್ಲಿ ಒಂದು ಸಾಲಿನ ಸೂತ್ರ. ಬೇಲೂರಿನ ಹುಡುಗಿ ಯಾರ ಜೊತೆ ಬಂದರೂ ಅವಳ ರೇಟಿಂಗ್ ಅವಳ ಜೊತೆ ಬರುತ್ತದೆ. ತಿಂಗಳುಗಟ್ಟಲೆ ತೋಟದಲ್ಲಿದ್ದವರದ್ದು ಇಳಿಯುವುದೂ ಇಲ್ಲ.

ಆದರೆ ದಯವಿಟ್ಟು ರೇಟಿಂಗ್ ನೋಡಿ ಫೈನಲ್ಸ್ ಜಾಗ ಕೊಡಬೇಡಿ. ಚೆಸ್‌ನಲ್ಲಿ ಕೊಟ್ಟು ನೋಡಿದ್ದಾರೆ. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವನನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಗೆ ಒಂದು ಜಾಗ ರೇಟಿಂಗ್ ಮೇಲೆ ಇತ್ತು. 2022ರಲ್ಲಿ ಡಿಂಗ್ ಲಿರೆನ್‌ಗೆ ರೇಟಿಂಗ್ ಇತ್ತು, ಆಡಿದ ಆಟಗಳ ಸಂಖ್ಯೆ ಸಾಲದಾಗಿತ್ತು. ಚೀನಾದಲ್ಲಿ ತರಾತುರಿಯಲ್ಲಿ ಆಟಗಳನ್ನು ಏರ್ಪಡಿಸಿದರು. 2023ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಪರ ಆಡುವ ಅಲಿರೆಜಾ ಫಿರೋಜಾಗೆ ಕೆಲವು ರೇಟಿಂಗ್ ಅಂಕ ಬೇಕಿತ್ತು. ಅವನಿಗಾಗಿಯೇ ಫ್ರಾನ್ಸ್‌ನ ಶಾರ್ತ್ರ್‌ನಲ್ಲಿ ಪಂದ್ಯಗಳು ನಡೆದವು, ದೊಡ್ಡ ಗಲಾಟೆ ಆಯಿತು. ಯಾರೂ ನಿಯಮ ಮುರಿದವರಲ್ಲ. ನಿಯಮವೇ ಹಾಗೆ ದಾರಿ ಬಿಟ್ಟಿತ್ತು. ಇನ್ನೊಂದು ರೋಗ, ಮೇಲೆ ಹತ್ತಿದವರು ಆಡುವುದನ್ನೇ ಬಿಡುತ್ತಾರೆ. ಆಡದಿದ್ದರೆ ಇಳಿಯುವುದಿಲ್ಲವಲ್ಲ. ಆಗ ನಿಮ್ಮ ಫೆಬ್ರವರಿ ಟೂರ್ನಿಗೆ ನೊಣ ಹೊಡೆಯಬೇಕು.

ಅದೇ ವರ್ಷದ ಇನ್ನೊಂದು ನಿಯಮ ಕದಿಯುವ ಹಾಗಿದೆ. ಫಿಡೆ ಸರ್ಕ್ಯೂಟ್ ಅಂದರೆ ವರ್ಷದ ಟೂರ್ನಿಗಳ ಪಾಯಿಂಟ್ ಪಟ್ಟಿ, ಅದರಿಂದಲೂ ಕ್ಯಾಂಡಿಡೇಟ್ಸ್‌ಗೆ ಒಂದು ಜಾಗ. ಅದರಲ್ಲಿ ಮೊದಲು ಬಂದವನು ಅಮೆರಿಕದ ಕರುವಾನಾ. ಆದರೆ ಅವನಿಗೆ ವಿಶ್ವಕಪ್‌ನಿಂದಲೇ ಜಾಗ ಸಿಕ್ಕಿತ್ತು. ಹಾಗಾಗಿ ಸರ್ಕ್ಯೂಟ್‌ನ ಜಾಗ ಕೆಳಗಿನವನಿಗೆ ಇಳಿಯಿತು. ಆ ಕೆಳಗಿನವನು ನಮ್ಮ ಗುಕೇಶ್. ಕ್ಯಾಂಡಿಡೇಟ್ಸ್ ಗೆದ್ದು 2024ರ ಡಿಸೆಂಬರ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಹಾಗಾಗಿ ಜಾಗ ಖಾಲಿ ಬಿದ್ದರೆ ಯಾರಿಗೆ ಇಳಿಯುತ್ತದೆ ಅನ್ನುವುದನ್ನು ಮೊದಲೇ ಬರೆದಿಡಿ.

ಮೂರನೇ ಟಚ್, ಬೆಂಗಳೂರು (ಊರು ಆಲೂರು)

ಇಷ್ಟು ಹೊತ್ತಿಗೆ ಒಬ್ಬರಾದರೂ ರೌಂಡ್‌ನೆಟ್ ಬಗ್ಗೆ ಮಾತಾಡುತ್ತೀರಿ ಅಂತ ಕಾಯುತ್ತಿದ್ದೆ. ಈ ಆಟಕ್ಕೂ ವಿಶ್ವ ಚಾಂಪಿಯನ್‌ಶಿಪ್ ಇದೆ, 2022ರಲ್ಲಿ ಬೆಲ್ಜಿಯಂನಲ್ಲಿ, 2024ರಲ್ಲಿ ಲಂಡನ್‌ನಲ್ಲಿ ನಡೆಯಿತು. ಟೂರ್ನಿಗಳಲ್ಲಿ ಪೂಲ್ ಆದಮೇಲೆ ಎರಡು ಸೋಲಿನ ನಾಕೌಟ್ ಆಡಿಸುವ ರೂಢಿ ಹೆಚ್ಚು. ಒಮ್ಮೆ ಸೋತವರು ಕೆಳಗಿನ ಡ್ರಾಗೆ ಇಳಿಯುತ್ತಾರೆ, ಎರಡನೇ ಸಲ ಸೋತರೆ ಮನೆಗೆ. ಸೀಡಿಂಗ್ ಸ್ವಲ್ಪ ಹೆಚ್ಚುಕಡಿಮೆ ಆಗಿ ಎರಡು ಗಟ್ಟಿ ಜೋಡಿ ಮೊದಲ ಸುತ್ತಲ್ಲೇ ಸಿಕ್ಕಿಬಿದ್ದರೂ ಅನ್ಯಾಯ ಆಗುವುದಿಲ್ಲ. ಹದಿನಾಲ್ಕು ಜೋಡಿಗೆ ಒಂದು ಸೋಲಿನ ನಾಕೌಟ್ ಅಂದರೆ 13 ಮ್ಯಾಚ್. ಎರಡು ಸೋಲಿನದು 26 ಅಥವಾ 27. ಬಲೆ ಮೂರಾದರೂ ಬೇಕು. 15 ಪಾಯಿಂಟ್‌ನ ಒಂದೇ ಗೇಮ್ ಆಡಿಸಿ, ಸಂಜೆಯೊಳಗೆ ಮುಗಿಯುತ್ತದೆ.

ಪೂಲ್‌ನಲ್ಲಿ ಮೂರು ಜೋಡಿ ಸಮ ಬಂದರೆ ಏನು ಅನ್ನುವುದನ್ನೂ ಬರೆಯಿರಿ. ನಮ್ಮ ಆಟದಲ್ಲಿ ಮಾಮೂಲಿಯಾಗಿ ಅಂಪೈರ್ ಇರುವುದಿಲ್ಲ, ಆಟಗಾರರೇ ತಪ್ಪು ಕರೆಯುತ್ತಾರೆ. ಅದರ ಮೇಲೆ ಟೈ ಬ್ರೇಕ್ ಗೊಂದಲ ಬೇಡ.

ಲೈನ್ ಅಂಪೈರ್, ಚಿಕ್ಕಮಗಳೂರು

ಅದಕ್ಕೆ ಶಟಲ್ ಪದ್ಧತಿ ಸಾಕು. ಇಬ್ಬರು ಸಮ ಬಂದರೆ ಅವರಿಬ್ಬರ ನಡುವಿನ ಮ್ಯಾಚ್ ಗೆದ್ದವರು ಮೇಲೆ. ಮೂವರು ಸಮ ಬಂದರೆ ಗೇಮ್ ವ್ಯತ್ಯಾಸ. ಅದೂ ಸಮವಾದರೆ ಪಾಯಿಂಟ್ ವ್ಯತ್ಯಾಸ.

ಲೆಕ್ಕದ ಅಕ್ಕ, ಹಾಸನ

ಎಲ್ಲರಿಗೂ ದೊಡ್ಡ ನಮಸ್ಕಾರ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲಿ ಹಳೇ ಸೀಸನ್ ಲೆಕ್ಕಕ್ಕೆ ನೀವು ಹೇಳಿದ್ದನ್ನೆಲ್ಲ ಹಾಕಿ ನೋಡಿದೆ. ಟೆನಿಸ್ ಪಟ್ಟಿ ಹಾಕಿ ಮೂರು ಒಳ್ಳೆಯ ಫಲಿತಾಂಶ ಎಣಿಸಿದರೆ ರೈಟರ್ ಜೋಡಿ ಒಂಬತ್ತರಿಂದ ಎರಡಕ್ಕೆ ಬಂತು. ಟೌನಿನ ಇಬ್ಬರು ಕೆಳಗೆ ಹೋದರು. ಅವರ ಹೆಸರು ಇಲ್ಲಿ ಹೇಳುವುದಿಲ್ಲ, ದಿನಾ ಅಂಗಡಿಗೆ ಬರುವವರು.

ಸೀಡಿಂಗ್‌ಗೆ ಎಲೋ, ಆಳಿನ ಲೆಕ್ಕ. ಫೈನಲ್ಸ್‌ಗೆ ಜೋಡಿಯ ಪಾಯಿಂಟ್, ಕಡಿದಾದ ಪಟ್ಟಿ, ಆರರಲ್ಲಿ ಮೂರು. ಹೀಗೆ ನಾಲ್ಕು ಜೋಡಿ. ಉಳಿದ ಎರಡು ಜಾಗ ಮಾರ್ಚ್ ಕೊನೆಗೆ ಒಂದು ಓಪನ್ ಟೂರ್ನಿಯಿಂದ. ಅದಕ್ಕೆ ಹೊಸ ಜೋಡಿಗಳೂ ಬರಬಹುದು. ಬೇಲೂರಿನ ಹುಡುಗಿಗೆ ಬಾಗಿಲು ಅದು. ರೇಟಿಂಗ್ ಇರುವುದರಿಂದ ಸೀಡಿಂಗ್ ಚೆನ್ನಾಗಿಯೇ ಸಿಗುತ್ತದೆ, ಗೆಲ್ಲುವುದು ಅವಳ ಕೈಯಲ್ಲಿ. ಜಾಗ ಖಾಲಿ ಬಿದ್ದರೆ ಪಾಯಿಂಟ್ ಪಟ್ಟಿಯಲ್ಲಿ ಮುಂದಿನವರಿಗೆ. ಒಂದು ತಾಲ್ಲೂಕಿಗೆ ಎರಡೇ ಜೋಡಿ ಅನ್ನುವ ಮಿತಿ ಬೇಡ ಅಂತ ನನ್ನ ಅಭಿಪ್ರಾಯ. ಹದಿನಾಲ್ಕು ಜೋಡಿಯಲ್ಲಿ ಎಂಟು ಟೌನಿನವೇ, ಸುಮ್ನೆ ಬೆಂಕಿ ಹಚ್ಚಿದಂತಾಗುತ್ತದೆ.

ಒಂದು ಮಾತ್ರ ಉಳಿದಿದೆ. ಮೊದಲ ಟೂರ್ನಿ ಅಕ್ಟೋಬರ್‌ನಲ್ಲಿ. ಹಾಸನಾಂಬೆ ದರ್ಶನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆ ದಿನಗಳಲ್ಲಿ ಊರೊಳಗೆ ಗಾಡಿ ನಿಲ್ಲಿಸಲೂ ಜಾಗ ಇರುವುದಿಲ್ಲ. ಮುಂದೆ ಹಾಕಿದರೆ ರೈಟರ್‌ಗೆ ಕೊಯ್ಲು. ಏನು ಮಾಡಲಿ?

ಬೆಂಚ್ ಪ್ಲೇಯರ್, ಅರಸೀಕೆರೆ

ಅಕ್ಕ, ಆ ಒಂದು ಟೂರ್ನಿ ಇಲ್ಲಿಗೆ ಹಾಕಿ. ಚಿಕ್ಕಮಗಳೂರಿನವರು ಕಡೂರಿನ ಮೇಲೆ ಬರಬಹುದು, ಹಾಸನದವರಿಗೆ ರೈಲೂ ಇದೆ, ಬಸ್ಸೂ ಇದೆ. ನಮ್ಮ ಹಳೇ ಹೈಸ್ಕೂಲ್ ಮೈದಾನ ಸಿಗುತ್ತದಾ ಅಂತ ನಾಳೆ ಕೇಳಿ ಹೇಳುತ್ತೇನೆ. ಬಲೆ ಎಷ್ಟಿದೆ ನಿಮ್ಮ ಹತ್ತಿರ?

ಲೆಕ್ಕದ ಅಕ್ಕ, ಹಾಸನ

ಎರಡು. ಮೂರನೆಯದಕ್ಕೆ ಚಂದಾ ಎತ್ತುತ್ತಿದ್ದೇನೆ, ನಿನ್ನ ಹೆಸರೂ ಬರೆದುಕೊಂಡೆ.